ಕಾರಿನ ಸಾಲವೂ ಓದದೆ ಹಾಕುವ ಸಹಿಯೂ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ, ಬಂಧುಗಳ ಮಕ್ಕಳಲ್ಲಿ ಸಾಲ ಮಾಡಿ ಕಾರು ಕೊಂಡವರು ಈಗ ಬಹಳ ಮಂದಿ. ಸಂತೋಷವೇ. ಆದರೆ "ಬಡ್ಡಿ ಎಷ್ಟಪ್ಪಾ?" ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ತಿಂಗಳ ಕಂತಿನ ಮೊತ್ತವನ್ನು! ಸಾಲ ಮಾರುವವರಿಗೆ ಬೇಕಾಗಿರುವುದೂ ಈ ಗೊಂದಲವೇ.

ಶಾಲೆಯಲ್ಲಿ ಕಲಿತ ಸರಳಬಡ್ಡಿಯನ್ನು ನೆನಪಿಸಿಕೊಳ್ಳಿ. ಅಸಲು 5 ಲಕ್ಷ ರೂ., ಅವಧಿ 5 ವರ್ಷ, 'ಫ್ಲಾಟ್' ದರ ಶೇ. 8. ಬಡ್ಡಿ 2 ಲಕ್ಷ. ಕಂತು ಸುಮಾರು 11,667 ರೂ. ಮೇಲ್ನೋಟಕ್ಕೆ ಎಲ್ಲವೂ ಸರಿ. ಆದರೆ ಪ್ರತಿ ಕಂತಿನೊಡನೆ ಅಸಲೂ ಕರಗುತ್ತಿರುವಾಗ, ಐದನೆಯ ವರ್ಷದಲ್ಲೂ ಪೂರ್ತಿ 5 ಲಕ್ಷಕ್ಕೇ ಬಡ್ಡಿ ತೆರುವುದು ಯಾವ ನ್ಯಾಯ? ಉಳಿದ ಅಸಲಿಗೆ ಮಾತ್ರ ಬಡ್ಡಿ ಕಟ್ಟಿ ನೋಡಿದರೆ ಇದೇ ಕಂತು ಶೇ. 14ಕ್ಕೂ ತುಸು ಮಿಕ್ಕ ದರಕ್ಕೆ ಸಮ. ಎಂಟೆಂದು ಹೇಳಿ ಹದಿನಾಲ್ಕು ವಸೂಲು ಮಾಡುವುದನ್ನು ವ್ಯಾಪಾರಚಾತುರ್ಯ ಎನ್ನುವವರಿದ್ದಾರೆ. ನಾನು ಅದನ್ನು ವಂಚನೆ ಎನ್ನುತ್ತೇನೆ.

ಇದಕ್ಕೆ ಮದ್ದು ಇಲ್ಲವೆಂದಲ್ಲ. ರಿಸರ್ವ್ ಬ್ಯಾಂಕಿನ ಆದೇಶದಂತೆ, 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂತಹ ಸಾಲಗಳಿಗೆಲ್ಲ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಮುಖ್ಯಾಂಶಗಳ ಪತ್ರವನ್ನು ಕೊಡಲೇಬೇಕು. ಶುಲ್ಕಗಳನ್ನೂ ಸೇರಿಸಿದ ನಿಜವಾದ ವಾರ್ಷಿಕ ದರ ಅದರಲ್ಲಿರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಒಪ್ಪುವುದೋ ಬಿಡುವುದೋ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವಿರಬೇಕು. ಪತ್ರದಲ್ಲಿ ಕಾಣಿಸದ ಶುಲ್ಕವನ್ನು ನಿಮ್ಮ ಸ್ಪಷ್ಟ ಸಮ್ಮತಿಯಿಲ್ಲದೆ ಹೇರುವಂತಿಲ್ಲ. ಹೀಗಿರುವಾಗ "ಇವತ್ತೇ ಸಹಿ ಮಾಡಿ ಸಾರ್, ನಾಳೆ ಈ ಆಫರ್ ಇರುವುದಿಲ್ಲ" ಎಂಬ ಅವಸರ ಯಾರ ಹಿತಕ್ಕೆ?

ಓದದೆ ಸಹಿ ಹಾಕಿದವನದೇ ತಪ್ಪೆಂದು ವಾದಿಸುವವರುಂಟು. ಹತ್ತಾರು ಪುಟಗಳ ಇಂಗ್ಲಿಷ್ ಕರಾರು, ಇರುವೆಗಾತ್ರದ ಅಕ್ಷರ, ಎದುರಿಗೆ ಪೆನ್ನು ಹಿಡಿದು ನಿಂತ ಮಾರಾಟಗಾರ! ಇದು ಸಮಾನರ ನಡುವಿನ ಒಪ್ಪಂದವೇ? ಅಲ್ಲವೆಂದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು 'ಅನ್ಯಾಯದ ಕರಾರು' ಎಂಬುದನ್ನು ಗುರುತಿಸಿದೆ. ತಾನು ವಾಸಿಸುವ ಊರಿನ ವ್ಯಾಪ್ತಿಯ ಆಯೋಗದಲ್ಲೇ ದೂರು ಕೊಡುವ ಹಕ್ಕನ್ನೂ ಗ್ರಾಹಕನಿಗೆ ಅದು ನೀಡಿದೆ. ಕಂತು ತಪ್ಪಿದವನ ವಾಹನವನ್ನು ಗೂಂಡಾಗಳಿಂದ ಎಳೆಸಿಕೊಂಡು ಹೋಗುವುದು ಸಲ್ಲದೆಂದು ಸುಪ್ರೀಂ ಕೋರ್ಟ್ 2007ರಷ್ಟು ಹಿಂದೆಯೇ ಹೇಳಿದೆ.

ಆದರೆ ಕೇಳದವನಿಗೆ ಹಕ್ಕು ಇದ್ದೂ ಇಲ್ಲದಂತೆ. ಆದ್ದರಿಂದ ನನ್ನ ವಿನಂತಿ ಇಷ್ಟೇ: ಆ ಪತ್ರವನ್ನು ಕನ್ನಡದಲ್ಲಿಯೇ ಕೇಳಿ ಪಡೆಯಿರಿ, ಮನೆಗೆ ತನ್ನಿ, ಮನೆಮಂದಿಯೆಲ್ಲ ಕುಳಿತು ಓದಿ, ಕಂತನ್ನು ತಿಂಗಳುಗಳಿಂದ ಗುಣಿಸಿ ಅಸಲನ್ನು ಕಳೆಯಿರಿ. ಕನ್ನಡದಲ್ಲಿ ಕೊಡಲಾಗದು ಎಂದರೆ ಎದ್ದು ಬನ್ನಿ. ಕಾರು ಮುಂದಿನ ವಾರವೂ ಸಿಗುತ್ತದೆ. ಲೆಕ್ಕ ತೊಡಕೆನಿಸಿದರೆ ನನಗೆ ಕಳುಹಿಸಿ. ನಿಮ್ಮ ಲೆಕ್ಕ ತಿದ್ದುವುದು ನನಗೇನೂ ಹೊಸದಲ್ಲ.