ಪೆಡಲ್ ಮಾರ್ತೀರಾ ಅಂತ ಕೇಳಿದವರಿಗೆ (ಕಂತು 7)

ಹೋದ ವಾರದ ರೀಲ್ ಹಾಕಿದಾಗಿಂದ ಡಿಎಂನಲ್ಲಿ ಒಂದೇ ಪ್ರಶ್ನೆ. "ಈ ಟ್ರೆಮೊಲೊ ಪೆಡಲ್ ನಂಗೂ ಒಂದು ಮಾಡ್ಕೊಡ್ತೀರಾ? ಎಷ್ಟಾಗುತ್ತೆ?" ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಯ್ತು, ಇಲ್ಲೇ ಹೇಳ್ಬಿಡ್ತೀನಿ. ಮಾರಲ್ಲ. ಕೊಬ್ಬು ಅನ್ಕೋಬೇಡಿ. ದುಡ್ಡು ಬೇಡ್ವಾ ಅಂದ್ರೆ ಖಂಡಿತ ಬೇಕು, ಎಕ್ಸಾಮ್ ಫೀಸ್ ಕಟ್ಟೋ ತಿಂಗಳು ಇದು. ಆದ್ರೂ ಮಾರಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಹೊಸದಾಗಿ ಫಾಲೋ ಮಾಡಿದವರಿಗೆ ಎರಡು ಮಾತು. ಟ್ರೆಮೊಲೊ ಅಂದ್ರೆ ಗಿಟಾರ್ ಸದ್ದು ಒಂದು ಲಯದಲ್ಲಿ ಜೋರಾಗೋದು, ತಗ್ಗೋದು, ಮತ್ತೆ ಜೋರಾಗೋದು. ಪಕ್ಕದಲ್ಲಿ ಯಾರೋ ಕೂತು ವಾಲ್ಯೂಮ್ ನಾಬನ್ನ ಬೇಗ ಬೇಗ ಆಕಡೆ ಈಕಡೆ ತಿರುಗಿಸ್ತಾ ಇರೋ ಹಾಗೆ. ಸ್ವರವೇ ಏರಿಳಿದ್ರೆ ಅದು ವೈಬ್ರಾಟೊ. ಈ ಎರಡನ್ನೂ ಕಲಸಿಟ್ಟಿದ್ದು ಫೆಂಡರ್ ಕಂಪನಿ. 1954ರಲ್ಲಿ ಬಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ಕಡ್ಡಿಗೆ ಟ್ರೆಮೊಲೊ ಅಂತ ಹೆಸರಿಟ್ರು, ಅದು ಅಲ್ಲಾಡಿಸೋದು ಸ್ವರವನ್ನ. ಅವರದೇ ಆಂಪ್‌ಗಳಲ್ಲಿ ವಾಲ್ಯೂಮ್ ಏರಿಳಿಸೋ ಸರ್ಕ್ಯೂಟಿಗೆ ವೈಬ್ರಾಟೊ ಅಂತ ಬರೆದ್ರು. ಅದಕ್ಕೂ ಮುಂಚೆ, 1940ರ ದಶಕದಲ್ಲೇ, ಅಮೆರಿಕದಲ್ಲಿ ಡಿಆರ್ಮಂಡ್ ಅನ್ನೋ ಟ್ರೆಮೊಲೊ ಪೆಟ್ಟಿಗೆ ಬಂದಿತ್ತು. ಒಳಗೆ ಒಂದು ಮೋಟರ್, ಅದು ಅಲ್ಲಾಡಿಸೋಕೆ ದ್ರವ ತುಂಬಿದ ಪುಟ್ಟ ಡಬ್ಬಿ. ದ್ರವ ತುಳುಕಿದ ಹಾಗೆ ಸದ್ದು ಏರಿಳೀತಿತ್ತು. ಬೋ ಡಿಡ್ಲಿ ನುಡಿಸ್ತಿದ್ದಿದ್ದು ಅದರಲ್ಲೇ. ನನಗೆ ಈ ಹುಚ್ಚು ಹತ್ತಿದ್ದು ಆ ಡಬ್ಬಿ ಕಥೆಯಿಂದ.

ನಮ್ಮದರಲ್ಲಿ ದ್ರವ ಇಲ್ಲ, ಬೆಳಕಿದೆ. ಮೂರನೇ ಫೋಟೋ ನೋಡಿ. ಕಪ್ಪು ಸ್ಲೀವ್ ಒಳಗೆ ಒಂದು ಎಲ್‌ಇಡಿ, ಅದರ ಮುಖಕ್ಕೆ ಮುಖ ಕೊಟ್ಟು ಒಂದು ಎಲ್‌ಡಿಆರ್. ಬೀದಿದೀಪ ಕತ್ತಲಾದಾಗ ತಾನೇ ಹತ್ತಿಕೊಳ್ಳುತ್ತಲ್ಲ, ಅಂಥ ಕಡೆ ಹಾಕ್ತಾರಲ್ಲ, ಅದೇ ಎಲ್‌ಡಿಆರ್. ಬೆಳಕು ಬಿದ್ರೆ ಅದರ ರೆಸಿಸ್ಟೆನ್ಸ್ ಇಳಿಯುತ್ತೆ, ಗಿಟಾರ್ ಸಿಗ್ನಲ್ ಒಂದಷ್ಟು ಗ್ರೌಂಡಿಗೆ ಸೋರಿಹೋಗುತ್ತೆ, ಸದ್ದು ತಗ್ಗುತ್ತೆ. ಕತ್ತಲಾದ್ರೆ ಮತ್ತೆ ಏರುತ್ತೆ. ಎಲ್‌ಡಿಆರ್ ಬೆಳಕಿಗೆ ಬೇಗ ಎಚ್ಚರ ಆಗುತ್ತೆ, ಕತ್ತಲಿಗೆ ನಿಧಾನ. ಅದರಿಂದಲೇ ಈ ಸದ್ದಿಗೆ ಒಂಥರಾ ಮೃದು. ಎಲ್‌ಇಡಿಯನ್ನ ಮಿನುಗಿಸೋದು ಟಿಎಲ್072 ಅನ್ನೋ ಎಂಟು ಕಾಲಿನ ಐಸಿ. ಎಷ್ಟು ಬೇಗ ಮಿನುಗಬೇಕು ಅನ್ನೋದು ಒಂದು ನಾಬ್, ಎಷ್ಟು ಆಳಕ್ಕೆ ಇಳೀಬೇಕು ಅನ್ನೋದು ಇನ್ನೊಂದು. ಅಷ್ಟೇ ಪೆಡಲ್.

ಈಗ ನನ್ನ ಜೊತೆಗಾರನ ವಿಷಯ. ಅಣ್ಣ ಅಂತೀನಿ, ಸಂಬಂಧಿ ಅಲ್ಲ. ಹಗಲು ಯುಪಿಎಸ್ ಬ್ಯಾಟರಿ ಸರ್ವೀಸ್, ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ರಾತ್ರಿಯೆಲ್ಲ ಆರ್ಕೆಸ್ಟ್ರಾದಲ್ಲಿ ಗಿಟಾರ್. ಐದು ಭಾನುವಾರ ನಮ್ಮನೆ ಮಹಡಿ ಮೇಲೆ ಕೂತು ಕಟ್ಟಿದ್ವಿ. ಅದರಲ್ಲಿ ಸೋಲ್ಡರ್ ಮಾಡಿದ್ದು ಹೆಚ್ಚೆಂದ್ರೆ ಒಂದೂವರೆ ದಿನ. ಮಿಕ್ಕಿದ್ದೆಲ್ಲ ಜಗಳ.

ನನಗೆ ಸದ್ದು ಪೂರ್ತಿ ಕಟ್ ಆಗಬೇಕು, ಕತ್ತರಿ ಹಾಕಿದ ಹಾಗೆ. ಅಣ್ಣ ಒಪ್ಪಲಿಲ್ಲ. "ಸ್ಟೇಜಲ್ಲಿ ಹಂಗೆ ನುಡಿಸಿ ನೋಡು. ಹಿಂದೆ ಕೂತವ್ರು ಮೈಕ್ ಕೆಟ್ಟೋಗಿದೆ ಅಂತ ಎದ್ದೋಗ್ತಾರೆ." ಸ್ಟೇಜ್ ಹತ್ತದ ನನಗೆ ಈ ಮಾತು ಹೊಳೆಯೋಕೆ ಸಾಧ್ಯವೇ ಇರಲಿಲ್ಲ. ಕೊನೆಗೆ ಎಲ್‌ಡಿಆರ್ ಸಾಲಲ್ಲಿ ಇನ್ನೊಂದು ರೆಸಿಸ್ಟರ್ ಕೂರಿಸಿ, ಡೆಪ್ತ್ ಎಷ್ಟು ತಿರುಗಿಸಿದ್ರೂ ಸದ್ದು ಪೂರ್ತಿ ಸಾಯದ ಹಾಗೆ ಮಾಡಿದ್ವಿ. ರೇಟ್ ವಿಷಯದಲ್ಲಿ ಗೆದ್ದಿದ್ದು ನಾನು, ಅದೂ ಲೆಕ್ಕ ಹಾಕಿ. 120 ಬಿಪಿಎಂ ಹಾಡಲ್ಲಿ ಸೆಕೆಂಡಿಗೆ ಎರಡು ಬೀಟ್. ಬೀಟಿಗೆ ಎರಡು ಸಲ ಏರಿಳೀಬೇಕು ಅಂದ್ರೆ ಸೆಕೆಂಡಿಗೆ ನಾಲ್ಕು. ನಾಬಿನ ನಡುಮಧ್ಯಕ್ಕೆ ಆ ನಾಲ್ಕು ಬರೋ ಹಾಗೆ ಕೆಪಾಸಿಟರ್ ಆರಿಸಿದ್ವಿ.

ಆಮೇಲೆ ಟಿಕ್ ಟಿಕ್. ಇದು ಟ್ರೆಮೊಲೊ ಕಟ್ಟೋ ಎಲ್ಲರ ಮನೆಗೂ ಬರೋ ನೆಂಟ. ಎಲ್‌ಇಡಿ ಪ್ರತಿ ಸಲ ಹತ್ತಿದಾಗಲೂ ಕರೆಂಟನ್ನ ಗಪ್ಪಂತ ಎಳೆಯುತ್ತೆ, ಒಂಬತ್ತು ವೋಲ್ಟ್ ಒಂಚೂರು ಅದುರುತ್ತೆ, ಆ ಅದುರು ಗಿಟಾರ್ ಸದ್ದಿನ ಜೊತೆ ಹೊರಗೆ ಬರುತ್ತೆ. ಅಮ್ಮ ಅಡುಗೆಮನೆಯಿಂದಲೇ "ಗಡಿಯಾರ ರಿಪೇರಿ ಶುರು ಮಾಡಿದ್ರಾ?" ಅಂದ್ರು. ಮದ್ದು ಅಣ್ಣನ ಹತ್ತಿರ ಇತ್ತು. ಮಿನುಗೋ ಭಾಗಕ್ಕೆ ಹೋಗೋ ಸಪ್ಲೈನಲ್ಲಿ 100 ಓಮ್ ರೆಸಿಸ್ಟರ್, ಅದರ ಹಿಂದೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಆ ಭಾಗದ ಗ್ರೌಂಡಿಗೆ ಪವರ್ ಜ್ಯಾಕ್ ತನಕ ಬೇರೆಯದೇ ವೈರ್. ಸದ್ದು ನಿಂತೋಯ್ತು. (ಇನ್ನೊಂದು, ಮರೀಬೇಡಿ: ಪೆಡಲ್ ಅಡಾಪ್ಟರಿನಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ ನೆಗೆಟಿವ್. ಮನೇಲಿರೋ ವೈಫೈ ರೌಟರ್ ಅಡಾಪ್ಟರಿನಲ್ಲಿ ಹೆಚ್ಚಾಗಿ ಪಾಸಿಟಿವ್. ಉಲ್ಟಾ ಚುಚ್ಚಿದ್ರೆ ಐಸಿ ಕಥೆ ಮುಗೀತು. ಬಾಗಿಲಲ್ಲೇ ಒಂದು 1ಎನ್4007 ಡಯೋಡ್ ಕಾವಲಿಗೆ ಇಡಿ.)

ಈಗ ಬಿಕಾಂ ಮಾತು. ಯೂಟ್ಯೂಬಲ್ಲಿ ಎಲ್ಲರೂ ಹೇಳೋದು, ಮನೇಲಿ ಕಟ್ಟಿದ್ರೆ ಅಗ್ಗ. ನಾನು ಕಾಸ್ಟ್ ಶೀಟ್ ಹಾಕಿದೀನಿ. ರೆಸಿಸ್ಟರ್, ಕೆಪಾಸಿಟರ್, ಎಲ್‌ಡಿಆರ್, ಐಸಿ ಎಲ್ಲ ಸೇರಿದ್ರೂ ಇಬ್ಬರು ಮಸಾಲೆ ದೋಸೆ ತಿಂದು ಕಾಫಿ ಕುಡಿದಷ್ಟು. ದುಡ್ಡು ನುಂಗೋದು ಒಂಬತ್ತು ಕಾಲಿನ ಫುಟ್‌ಸ್ವಿಚ್, ಅಲ್ಯುಮಿನಿಯಂ ಡಬ್ಬಿ, ಜ್ಯಾಕ್‌ಗಳು. ಅದರ ಮೇಲೆ ತುಮಕೂರಿಂದ ಟ್ರೈನು, ಮೆಜೆಸ್ಟಿಕ್ಕಿಂದ ಎಸ್‌ಪಿ ರೋಡ್‌ವರೆಗೆ ಬಿಸಿಲಲ್ಲಿ ನಡಿಗೆ. ಅಲ್ಲೀತನಕ ಅಗ್ಗವೇ ಅನ್ಸುತ್ತೆ. ಡೈರೆಕ್ಟ್ ಲೇಬರ್ ಅನ್ನೋ ಸಾಲಲ್ಲಿ ಇಬ್ಬರ ಐದು ಭಾನುವಾರ ಬರೀರಿ, ದಿನಗೂಲಿ ರೇಟ್ ಹಾಕಿದ್ರೂ ಸಾಕು, ಅಂಗಡೀಲಿ ಸಿಗೋ ಚೀನಾ ಮಿನಿ ಪೆಡಲ್ಲಿಗಿಂತ ದುಬಾರಿ. ಅಗ್ಗ ಅನ್ನೋರು ಆ ಸಾಲನ್ನೇ ಬಿಟ್ಟು ಲೆಕ್ಕ ಮಾಡ್ತಾರೆ. ಅವರ ಶೀಟಲ್ಲಿ ಅವರ ಕೈಗೆ ಬೆಲೆ ಸೊನ್ನೆ. ನಮ್ಮ ಕಾಸ್ಟಿಂಗ್ ಮೇಡಂ ಆದ್ರೆ ಅಲ್ಲೇ ಮಾರ್ಕ್ಸ್ ಕತ್ತರಿಸ್ತಿದ್ರು.

ಬೇಗ ಬೇಗ ಹತ್ತು ಮಾಡಿದ್ರೆ ಲೇಬರ್ ಇಳಿಯುತ್ತಲ್ಲ ಅಂತೀರಿ. ಪೂರ್ತಿ ಇಳಿಯಲ್ಲ. ಒಂದೇ ಪ್ಯಾಕೆಟ್ಟಿನ ಎರಡು ಎಲ್‌ಡಿಆರ್ ಒಂದೇ ಥರ ಇರಲ್ಲ. ಒಂದಕ್ಕೆ ಹೊಂದಿದ ರೆಸಿಸ್ಟರ್ ಇನ್ನೊಂದಕ್ಕೆ ಹೊಂದಲ್ಲ. ಪ್ರತಿಯೊಂದಕ್ಕೂ ಕೂತು, ಕೇಳಿ, ಬಿಚ್ಚಿ, ಮತ್ತೆ ಹಾಕಬೇಕು. ಆ ಕೇಳೋ ಕೆಲಸವನ್ನ ನಿಮ್ಮ ಪರವಾಗಿ ನಾನು ಮಾಡಿದ್ರೆ ನಿಮಗೆ ಸಿಗೋದು ನನ್ನ ಕಿವಿಯ ಪೆಡಲ್. ಅಂಥದ್ದೇ ಬೇಕಿದ್ರೆ ಅಂಗಡೀಲಿ ತಗೊಳ್ಳಿ, ವಾರಂಟಿನಾದ್ರೂ ಇರುತ್ತೆ.

ಅಣ್ಣನಿಗೆ ಮಾರೋ ಆಸೆ ಇದೆ, ಅದನ್ನ ಮುಚ್ಚಿಡಲ್ಲ. "ಆರ್ಕೆಸ್ಟ್ರಾ ಹುಡುಗ್ರೇ ಹತ್ತು ತಗೋತಾರೆ" ಅಂದ. ನಾನು ಹವ್ಯಾಸ, ಕಲಿಕೆ ಅಂತೆಲ್ಲ ಶುರು ಮಾಡಿದೆ. ಅವನು ಸೋಲ್ಡರಿಂಗ್ ಐರನ್ ಸ್ಟ್ಯಾಂಡಿಗಿಟ್ಟು ಹೇಳಿದ: "ಹವ್ಯಾಸ ಅನ್ನೋಕೆ ನಿಂಗೆ ಅಪ್ಪನ ಮನೆ ಇದೆ ಕಣಮ್ಮ. ನಂಗೆ ಬಾಡಿಗೆ ಇದೆ." ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇವತ್ತಿಗೂ ಇಲ್ಲ. ನಾನು ಹೇಳಿದ್ದು ಇಷ್ಟು: ನೀವು ಮಾರಿ, ನಿಮ್ಮ ಹೆಸರಲ್ಲೇ ಮಾರಿ, ಲೆಕ್ಕಪತ್ರ ನಾನು ನೋಡ್ಕೋತೀನಿ, ಆದ್ರೆ ಬೆಲೆಯಲ್ಲಿ ನಿಮ್ಮ ಕೂಲಿ ಸೇರಿರಬೇಕು, ಮತ್ತೆ ನಮ್ಮಿಬ್ಬರ ಮಾತು ಪೇಪರ್ ಮೇಲೆ ಇರಬೇಕು. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ರೆ ಪಾಲುದಾರರಿಗೆ ಲಾಭ ಸಮಪಾಲು, ಯಾರು ಎಷ್ಟು ದುಡಿದ್ರೂ ಅಷ್ಟೇ. ಹತ್ತಕ್ಕೆ ಒಂಬತ್ತು ಪಾಲು ಸೋಲ್ಡರ್ ಮಾಡೋನು ಅವನು, ಅರ್ಧ ಲಾಭ ನನಗ್ಯಾಕೆ? ಅವನು ನಕ್ಕ. ಪೇಪರ್ ಇನ್ನೂ ಬರೆದಿಲ್ಲ.

ನಿಮ್ಮಲ್ಲಿ ಮುಕ್ಕಾಲುಪಾಲು ಜನ ಕಾಮರ್ಸ್. "ನಂಗೆ ಎಲೆಕ್ಟ್ರಾನಿಕ್ಸ್ ಬರಲ್ಲ" ಅಂತಲೇ ಮೆಸೇಜ್ ಶುರು ಮಾಡ್ತೀರಿ. ಪಿಯುಸಿ ಫಾರಂನಲ್ಲಿ ಕಾಮರ್ಸ್ ಅಂತ ಟಿಕ್ ಹಾಕಿದ ದಿನವೇ ಕೈ ಕಟ್ಟಿಹಾಕಿದ ಹಾಗೆ ಆಡ್ತೀವಿ ನಾವು. ಈ ಪೆಡಲ್ಲಿಗೆ ಬೇಕಾದ ಓಮ್‌ನ ನಿಯಮ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲೇ ಇತ್ತು, ನೀವೂ ಪಾಸಾಗಿದೀರಿ. ಮಿಕ್ಕಿದ್ದಕ್ಕೆ ಜೊತೆಗೆ ಒಬ್ಬರು ಬೇಕು. ದಯವಿಟ್ಟು ನಿಮ್ಮ ಕ್ಲಾಸಿನವರನ್ನೇ ಹುಡುಕಬೇಡಿ. ಟಿವಿ ರಿಪೇರಿ ಅಂಗಡಿಯವರು, ಐಟಿಐ ಓದ್ತಿರೋ ಪಕ್ಕದ ಬೀದಿ ಹುಡುಗ, ಶಾಮಿಯಾನ ಅಂಗಡೀಲಿ ಸೌಂಡ್ ಸಿಸ್ಟಮ್ ನೋಡ್ಕೊಳ್ಳೋರು, ಇಂಥವರು. ನೀವು ಹೇಳಿದ್ದಕ್ಕೆಲ್ಲ ಹೂಂ ಅನ್ನೋರಾದ್ರೆ ಅವರೂ ಬೇಡ.

ಸರ್ಕ್ಯೂಟ್ ಕೊನೇ ಫೋಟೋದಲ್ಲಿದೆ, ಅಣ್ಣನ ಕೈಬರಹ, ಝೂಮ್ ಮಾಡಿ. ಎಲ್‌ಡಿಆರ್ ನಾಲ್ಕೈದು ತಗೊಳ್ಳಿ, ಮೀಟರಲ್ಲಿ ಅಳೆದು ಆರಿಸಿ. ಟಿಕ್ ಟಿಕ್ ಬಂತು, ಸದ್ದೇ ಬರ್ತಿಲ್ಲ, ಎಲ್‌ಇಡಿ ಹತ್ತುತ್ತೆ ಆದ್ರೆ ಮಿನುಗಲ್ಲ ಅಂತ ಡಿಎಂ ಹಾಕಿ, ರಾತ್ರಿ ಹನ್ನೊಂದಾದ್ರೂ ಉತ್ತರ ಕೊಡ್ತೀನಿ. ರೇಟ್ ಮಾತ್ರ ಕೇಳ್ಬೇಡಿ.