ಕಾರು ತುಂಬಿದಾಗ ನೋಡಿ: ಸಾರಿಗೆ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಆಯುಕ್ತರೇ,

ಹಾಸನದಿಂದ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಕಾರುಗಳಲ್ಲಿ ಜನ ತುಂಬಿಕೊಂಡು ಹೋಗುವವೇ ಹೆಚ್ಚು. ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೊರಟ ಸಂಸಾರ, ಹಿಂದಿನ ಸೀಟಿನಲ್ಲಿ ಮೂರು ಜನ, ಡಿಕ್ಕಿ ತುಂಬ ಬಟ್ಟೆಬರೆ. ಈ ದಾರಿಯಲ್ಲೇ ಟೈರ್ ಮತ್ತು ಅಲೈನ್‌ಮೆಂಟ್ ಕೆಲಸ ಮಾಡಿಕೊಂಡಿರುವ ನನ್ನ ಹತ್ತಿರ ಅವರಲ್ಲಿ ಕೆಲವರು ಹೊತ್ತು ತರುವುದು ಒಂದೇ ದೂರು: "ತಿರುವಿನಲ್ಲಿ ಹಿಂದಿನ ಚಕ್ರ ಎಲ್ಲೋ ತಾಗ್ತಾ ಇದೆ. ಊರಲ್ಲಿ ಓಡಿಸುವಾಗ ಏನೂ ಇರಲಿಲ್ಲ."

ಚಕ್ರ ಬಿಚ್ಚಿದರೆ ಉತ್ತರ ಕಣ್ಣೆದುರೇ ಇರುತ್ತದೆ. ಟೈರಿನ ಹೊರ ಭುಜದ ಮೇಲೆ ಸುತ್ತಲೂ ನುಣ್ಣಗೆ ಹೊಳೆಯುವ ಒಂದು ಗೆರೆ. ಚಕ್ರದ ಮೇಲಿನ ಕಮಾನಿನಲ್ಲಿ ಒಳಕ್ಕೆ ಮಡಚಿದ ತಗಡಿನ ಅಂಚಿನ ಬಣ್ಣ ಎದ್ದುಹೋಗಿ ಬೆಳ್ಳಗಾಗಿರುತ್ತದೆ. ಪ್ಲಾಸ್ಟಿಕ್ ಲೈನರ್ ಕೆಲವೊಮ್ಮೆ ತೂತೇ ಬಿದ್ದಿರುತ್ತದೆ. ಆ ತಗಡಿನ ಅಂಚು ಹರಿತ. ಪ್ರತಿ ಹಳ್ಳಕ್ಕೂ ಅದು ಟೈರಿನ ಪಕ್ಕದ ಗೋಡೆಯನ್ನು ಒಂದೊಂದು ಎಳೆ ಕೆರೆಯುತ್ತದೆ. ನೆಲ ತಾಗುವ ಭಾಗದಲ್ಲಿರುವಷ್ಟು ದಪ್ಪ ರಬ್ಬರ್ ಪಕ್ಕದ ಗೋಡೆಗೆ ಇರುವುದಿಲ್ಲ. ಒಳಗಿನ ದಾರದ ಪದರ ಕಾಣುವಷ್ಟು ಕೆರೆದ ಟೈರು ಬೆಂಗಳೂರು–ಮೈಸೂರು ಹೆದ್ದಾರಿಯ ನೂರರ ವೇಗದಲ್ಲಿ ಸಿಡಿದರೆ ಏನಾಗುತ್ತದೆಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಅವರೆಲ್ಲ ಹಟಕ್ಕೆ ಬಿದ್ದು ಕಾರು ಕೆಡಿಸಿಕೊಂಡವರಲ್ಲ, ಸ್ವಾಮಿ. ಅಲಾಯ್ ಚಕ್ರ ಚೆಂದ ಕಾಣುತ್ತದೆಂದು ಅಂಗಡಿಗೆ ಹೋದವರು. ಅಂಗಡಿಯವನು "ಒಂದು ಸೈಜ್ ಮೇಲೆ ಹಾಕೋಣ, ಏನೂ ಆಗಲ್ಲ" ಎಂದ. ಖಾಲಿ ಕಾರಿಗೆ ಹಾಕಿ, ಖಾಲಿ ಕಾರಿನಲ್ಲೇ ಒಂದು ಸುತ್ತು ಓಡಿಸಿ ಕಳುಹಿಸಿದ. ಮುಂದಿನ ಚಕ್ರ ತಾಗುವುದಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದ ಕೂಡಲೇ, ಅಂಗಡಿಯ ಅಂಗಳದಲ್ಲೇ ಗೊತ್ತಾಗಿಬಿಡುತ್ತದೆ. ಹಿಂದಿನದು ಹಾಗಲ್ಲ. ಹಿಂದೆ ಜನ ಕೂತು, ಸ್ಪ್ರಿಂಗ್ ಕುಗ್ಗಿ, ತಿರುವಿನಲ್ಲಿ ಕಾರು ಒಂದು ಕಡೆ ವಾಲಿದಾಗ ಮಾತ್ರ ಚಕ್ರ ಕಮಾನಿನೊಳಕ್ಕೆ ಏರಿ ತಗಡು ಮುಟ್ಟುತ್ತದೆ. ಕಾರಿನಲ್ಲಿ ಅತಿ ಹೆಚ್ಚು ಜನ ಇರುವ ಹೊತ್ತಿಗೇ ಈ ದೋಷ ಹೊರಬೀಳುತ್ತದೆ. ಈ ಪತ್ರ ಬರೆಯಲು ಮುಖ್ಯ ಕಾರಣ ಇದು.

ಲೆಕ್ಕ ಹೇಳುತ್ತೇನೆ, ಬೇಸರಿಸಬೇಡಿ. ಮಾರುತಿ ಸ್ವಿಫ್ಟ್ ಕಾರಿನಲ್ಲಿ ಕೆಳದರ್ಜೆಯ ಮಾದರಿಗೆ 165/80 ಆರ್14, ಮೇಲ್ದರ್ಜೆಗೆ 185/65 ಆರ್15 ಟೈರು ಬಂದಿವೆ. ಮೊದಲನೆಯದರ ಒಟ್ಟು ಎತ್ತರ 619.6 ಮಿಲಿಮೀಟರ್, ಎರಡನೆಯದು 621.5. ರಿಮ್ ಒಂದಿಂಚು ದೊಡ್ಡದಾದರೂ ಟೈರಿನ ಎತ್ತರದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸವೂ ಇಲ್ಲ. ಕಾರ್ಖಾನೆಯವರು ಚಕ್ರ ದೊಡ್ಡದು ಮಾಡುವ ಕ್ರಮ ಇದು: ರಿಮ್ ಹಿಗ್ಗಿದಷ್ಟು ಟೈರಿನ ಗೋಡೆ ತಗ್ಗುತ್ತದೆ. ಇದೇ ಕ್ರಮದಲ್ಲಿ 16 ಇಂಚಿಗೆ ಹೋಗುವವರಿಗೆ 195/55 ಆರ್16 ಇದೆ, ಎತ್ತರ 620.9. ಆದರೆ ಜನ ಹಾಕಿಸಿಕೊಂಡು ಬರುವುದು 205/60 ಆರ್16. ಅದರ ಎತ್ತರ 652.4. ಅಂದರೆ ಹಬ್‌ನಿಂದ ಕಮಾನಿನ ಕಡೆಗೆ ಟೈರು 15 ಮಿಲಿಮೀಟರಿಗೂ ಹೆಚ್ಚು ಬೆಳೆದಿದೆ. ಎತ್ತರ ಶೇಕಡಾ 5ರಷ್ಟು ಹೆಚ್ಚಿದ್ದರಿಂದ ಮೀಟರ್ ಮೊದಲು ಸರಿಯಾಗಿ ತೋರಿಸುತ್ತಿದ್ದ ಕಾರಿನಲ್ಲೂ ಈಗ 100 ತೋರಿಸುವಾಗ ನಿಜವಾದ ವೇಗ 105ರ ಹತ್ತಿರ ಇರುತ್ತದೆ.

ಎತ್ತರಕ್ಕಿಂತಲೂ ಹೆಚ್ಚು ಕಾಡುವುದು ರಿಮ್ಮಿನ ಒಳಬದಿಯಲ್ಲಿ ಅಚ್ಚೊತ್ತಿರುವ ಇಟಿ ಎಂಬ ಸಂಖ್ಯೆ. ಹಬ್‌ಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಹೊರಗಿದೆ ಎಂಬುದರ ಅಳತೆ ಅದು. ಸಂಖ್ಯೆ ಇಳಿದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. 6ಜೆ (ಅಂದರೆ 6 ಇಂಚು) ಅಗಲ, ಇಟಿ 45 ಇದ್ದ ರಿಮ್ ತೆಗೆದು 7ಜೆ, ಇಟಿ 35 ಹಾಕಿದರು ಎನ್ನಿ. ಅಗಲದ ಪಾಲಿಗೆ ಹೊರಕ್ಕೆ ಅರ್ಧ ಇಂಚು, ಇಟಿಯ ಪಾಲಿಗೆ 10 ಮಿಲಿಮೀಟರ್, ಒಟ್ಟು ಸುಮಾರು 23 ಮಿಲಿಮೀಟರ್ ಹೊರಕ್ಕೆ ಬಂತು. ಕಮಾನಿನ ಅಂಚಿಗೆ ಅಷ್ಟು ಜಾಗ ಎಲ್ಲಿದೆ? ನಟ್ಟಿನ ತೂತುಗಳು ಸರಿಹೊಂದಿದರೆ ಸಾಕು, ರಿಮ್ ಸರಿಹೊಂದಿತು ಎಂದುಕೊಳ್ಳುವ ಅಂಗಡಿಗಳೇ ಜಾಸ್ತಿ. ಇಟಿಯನ್ನು ಕೇಳುವವರಿಲ್ಲ, ಬಿಲ್ಲಿನಲ್ಲಿ ಬರೆಯುವವರೂ ಇಲ್ಲ.

ಇನ್ನು ತಾಗಿದ ಮೇಲೆ ನಡೆಯುವ ರಿಪೇರಿ. ನನಗೆ ಅತಿ ಹೆಚ್ಚು ಸಂಕಟವಾಗುವುದು ಇಲ್ಲಿ. ಮೊದಲು "ಅಲೈನ್‌ಮೆಂಟ್ ಮಾಡಿಸಿ" ಎನ್ನುತ್ತಾರೆ. ನಮ್ಮ ಬಹುತೇಕ ಸಣ್ಣ ಕಾರುಗಳ ಹಿಂಭಾಗದಲ್ಲಿ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಉಕ್ಕಿನ ತೊಲೆ ಇರುತ್ತದೆ. ಹಿಂದಿನ ಚಕ್ರದ ಕೋನ ಹೊಂದಿಸಲು ಅದರಲ್ಲಿ ಬೋಲ್ಟೇ ಇಲ್ಲ. ಗಿರಾಕಿಯ ದುಡ್ಡು ಹೋಯಿತು, ಟೈರು ತಾಗುತ್ತಲೇ ಇತ್ತು. ಆಮೇಲೆ ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕುತ್ತಾರೆ. ಕಾರು ಎತ್ತರ ನಿಲ್ಲುತ್ತದೆ, ಸದ್ದು ನಿಲ್ಲುತ್ತದೆ. ಆದರೆ ಆ ಸುರುಳಿಗಳ ಕೆಲಸ ಕಟ್ಟಿಹಾಕಿದಂತಾಗಿ ಉಳಿದ ಸುರುಳಿಗಳ ಮೇಲೆ ಭಾರ ಬೀಳುತ್ತದೆ, ಹಿಂದೆ ಕೂತವರ ಸೊಂಟಕ್ಕೆ ಪ್ರತಿ ಹಂಪ್ ಬಡಿಯುತ್ತದೆ. ಮೂರನೆಯದು ಕಮಾನಿನ ಅಂಚನ್ನು ಒಳಕ್ಕೆ ಮಡಚುವುದು. ಹಬ್‌ಗೆ ಕಟ್ಟುವ ರೋಲರ್ ಇಟ್ಟು, ಬಣ್ಣವನ್ನು ಹದವಾಗಿ ಬಿಸಿಮಾಡಿ ನಿಧಾನವಾಗಿ ಮಡಚಿದರೆ ಅದು ಒಪ್ಪುವ ಕೆಲಸವೇ. ಸುತ್ತಿಗೆಯಲ್ಲಿ ಬಡಿದು ಮಡಚಿದರೆ ಬಣ್ಣ ಬಿರಿಯುತ್ತದೆ, ಮಂಗಳೂರು ಉಡುಪಿಯ ಉಪ್ಪುಗಾಳಿಗೆ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಮುಂದಿನ ಮಡ್‌ಗಾರ್ಡನ್ನು ಬೋಲ್ಟ್ ಬಿಚ್ಚಿ ಬದಲಿಸಬಹುದು. ಹಿಂದಿನದು ಕಾರಿನ ಮೈಗೇ ಬೆಸುಗೆಯಾಗಿರುವ ಭಾಗ, ಕೆಟ್ಟರೆ ಕತ್ತರಿಸಿಯೇ ತೆಗೆಯಬೇಕು.

ಸರಿಯಾದ ದಾರಿ ಸರಳವಾಗಿದೆ. ಅಂಚಿಗೆ ಸೀಮೆಸುಣ್ಣ ಬಳಿದು, ಐದು ಜನರ ಭಾರ ಹಾಕಿ ಓಡಿಸಿ, ಎಲ್ಲಿ ಅಳಿಸಿದೆ ಎಂದು ನೋಡಬೇಕು. ಹೊರ ಭುಜ ತಾಗಿದ್ದರೆ ಇಟಿ ಹೆಚ್ಚಿರುವ ರಿಮ್ ಅಥವಾ ಅಗಲ ಕಡಿಮೆಯ ಟೈರು ಬೇಕು. ಒಳಗಡೆ ಶಾಕ್ ಅಬ್ಸಾರ್ಬರಿಗೆ ತಾಗಿದ್ದರೆ ಇಟಿ ತುಸು ಇಳಿಸಬೇಕು. ನೆತ್ತಿಯೇ ತಾಗಿದ್ದರೆ ಟೈರಿನ ಎತ್ತರ ಹೆಚ್ಚಾಗಿದೆ, ಇಲ್ಲವೇ ಸ್ಪ್ರಿಂಗ್ ಸೋತು ಕುಸಿದಿದೆ. ಹತ್ತರಲ್ಲಿ ಒಂಬತ್ತು ಕಾರಿಗೆ ಔಷಧ ಒಂದೇ, ಅಳತೆ ಸರಿಯಿರುವ ಟೈರು. ಅಲ್ಲಿಯೂ ಎಚ್ಚರ ಬೇಕು. 185/65 ಆರ್15ರ ಮೇಲೆ ಸಾಮಾನ್ಯವಾಗಿ 88 ಎಂಬ ಭಾರಸೂಚಿ ಇರುತ್ತದೆ, ಅಂದರೆ ಒಂದು ಟೈರು 560 ಕಿಲೊ ಹೊರಬಲ್ಲದು. ಎತ್ತರದಲ್ಲಿ ತಾಳೆಯಾಗುವ 195/55 ಆರ್16 ಹೆಚ್ಚಾಗಿ ಬರುವುದು 87ರಲ್ಲಿ, ಅದು 545 ಕಿಲೊ. ಸಂಸಾರ ತುಂಬಿಕೊಂಡು ಘಾಟಿ ಇಳಿಯುವವರು ಇದನ್ನೂ ಕೇಳಿ ಕೊಳ್ಳಬೇಕು.

ಈಗ ನಿಮ್ಮ ಇಲಾಖೆಯ ಪಾಲಿಗೆ ಬರುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಅದರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಕಾನೂನು ಕಠಿಣವಾಗಿಯೇ ಇದೆ. ಆದರೆ ಅದು ಎರಗುವುದು ಮಾಲೀಕನ ಮೇಲೆ. ಇಟಿ ಎಂದರೇನೆಂದೇ ಗೊತ್ತಿಲ್ಲದವನಿಗೆ ದಂಡ, ಗೊತ್ತಿರಬೇಕಾದ ಅಂಗಡಿಯವನು ಮರುದಿನ ಇನ್ನೊಂದು ಕಾರಿಗೆ ಅದೇ ರಿಮ್ ಹಾಕುತ್ತಾನೆ. ಖಾಸಗಿ ಕಾರು ನೋಂದಣಿಯಾದ ಮೇಲೆ 15 ವರ್ಷ ನಿಮ್ಮ ಸುಸ್ಥಿತಿ ತಪಾಸಣೆಗೆ ಬರಬೇಕಿಲ್ಲ. ಅಷ್ಟು ವರ್ಷ ಈ ದೋಷವನ್ನು ನೋಡುವ ಕಣ್ಣು ಯಾವುದು?

ದೊಡ್ಡ ಚಕ್ರವನ್ನೇ ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಕೇಳುವವರಿದ್ದಾರೆ, ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಕಾರ್ಖಾನೆಯೇ ಎರಡು ಅಳತೆ ಕೊಡುವಾಗ ಕೆಳದರ್ಜೆಯ ಕಾರು ಕೊಂಡವನು ಮೇಲ್ದರ್ಜೆಯ ಚಕ್ರ ಹಾಕಿಕೊಂಡರೆ ಯಾರಿಗೂ ಕೇಡಿಲ್ಲ. ಅವನು ಇಲಾಖೆಗೆ ಹೆದರಿಕೊಂಡು ಓಡಾಡಬಾರದು.

ನನ್ನ ಕೋರಿಕೆ ಇಷ್ಟು. ನಮ್ಮ ರಸ್ತೆಯಲ್ಲಿ ಹೆಚ್ಚಾಗಿ ಓಡುವ ಕಾರುಗಳಿಗೆ ಯಾವ ಟೈರಿನ ಅಳತೆ, ಯಾವ ರಿಮ್ ಅಗಲ, ಎಷ್ಟರಿಂದ ಎಷ್ಟರವರೆಗಿನ ಇಟಿ, ಕನಿಷ್ಠ ಎಷ್ಟು ಭಾರಸೂಚಿ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ, ಪ್ರತಿ ಆರ್‌ಟಿಒ ಕಚೇರಿಯ ಗೋಡೆಗೆ ಅಂಟಿಸಿ. ಈ ಅಂಕಿಗಳು ತಯಾರಕರ ಬಳಿ ಇವೆ. ಪರಿಶೀಲಿಸಲು ಪುಣೆಯ ಎಆರ್‌ಎಐನಂಥ ಸಂಸ್ಥೆ ಇದೆ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಟೈರಿನ ಅಳತೆಯೂ ಗಾಳಿಯ ಒತ್ತಡವೂ ಇರುತ್ತವೆ, ಅದನ್ನು ಓದಲು ಜನರಿಗೆ ಹೇಳಿಕೊಡಿ. ರಿಮ್ ಹಾಕುವ ಅಂಗಡಿ ಪಟ್ಟಿಯ ಆ ನಾಲ್ಕು ಅಂಕಿಗಳನ್ನೂ, "ಭಾರ ಹಾಕಿ ಓಡಿಸಿ ನೋಡಿದೆ" ಎಂಬ ಒಂದು ಸಾಲನ್ನೂ ಬಿಲ್ಲಿನಲ್ಲಿ ಬರೆದು ಸಹಿ ಹಾಕುವಂತಾಗಲಿ. ಆಗ ತಪ್ಪಾದರೆ ಗ್ರಾಹಕ ಆಯೋಗಕ್ಕೆ ಹೋಗಲು ಗಿರಾಕಿಯ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ. ಇದಕ್ಕೆ ಕೇಂದ್ರದ ನಿಯಮವೇ ಬೇಕೆಂದಾದರೆ ದಯವಿಟ್ಟು ಕೇಂದ್ರಕ್ಕೆ ಬರೆಯಿರಿ. ಅಲ್ಲಿಯವರೆಗೆ, ರಸ್ತೆಯಲ್ಲಿ ಸಿಕ್ಕ ಮಾಲೀಕನಿಗೆ ಮೊದಲ ಸಲ ದಂಡದ ಬದಲು ಒಂದು ತಿಂಗಳ ಗಡುವು ಕೊಡಿ. ಸರಿಯಾದ ಚಕ್ರ ಹಾಕಿಸಿ ತೋರಿಸಲಿ. ಆ 5,000 ರೂಪಾಯಿ ಒಳ್ಳೆಯ ಟೈರಿಗೆ ಖರ್ಚಾಗಲಿ.

ನಿಮ್ಮ ನಿರೀಕ್ಷಕರು ಚಕ್ರ ಹೊರಗೆ ಚಾಚಿದೆಯೇ ಎಂದು ನಿಂತು ನೋಡಿದರೆ ಸಾಲದು. ಬಗ್ಗಿ ಕಮಾನಿನ ಒಳಗೆ ಬೆರಳಾಡಿಸಬೇಕು, ಟೈರಿನ ಭುಜದ ಗೆರೆ ಹುಡುಕಬೇಕು. ಅದನ್ನು ಅರ್ಧ ದಿನದಲ್ಲಿ ಕಲಿಯಬಹುದು. ಹಾಸನ ಕಚೇರಿಯವರನ್ನು ಯಾವ ವಾರದ ದಿನವಾದರೂ ಕಳುಹಿಸಿ, ನನ್ನ ಲಿಫ್ಟ್ ಮೇಲೆ ಕಾರು ಎತ್ತಿ ತೋರಿಸಲು ನಾನು ಸಿದ್ಧನಿದ್ದೇನೆ. ಅದಕ್ಕೆ ಶುಲ್ಕ ಬೇಡ.


ಹಾಸನದ ಒಬ್ಬ ಟೈರ್ ಕೆಲಸಗಾರ