'ಓತ್ರೀಸ್' ಎನ್ನಲು ಯಾಕಿಷ್ಟು ಸಂಕಟ?

2014ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಸಂಸತ್ತಿನ ಕೆಳಮನೆಯ ಕಲಾಪವನ್ನು ಸಾಂದ್ರಿನ್ ಮಾಝೆತಿಯೆ ನಡೆಸುತ್ತಿದ್ದರು. ಜೂಲಿಯೆನ್ ಓಬೆರ್ ಎಂಬ ಸದಸ್ಯರು ಅವರನ್ನು 'ಮದಾಮ್ ಲ ಪ್ರೆಝಿದಾಂ' ಎಂದು ಕರೆದರು. ಸಂಬೋಧನೆ ಹೆಂಗಸಿನದು, ಪದವಿಯ ಹೆಸರು ಮಾತ್ರ ಗಂಡಸಿನದು. 'ಲಾ ಪ್ರೆಝಿದಾಂತ್' ಎನ್ನಿ ಎಂದು ತಿದ್ದಿದರೂ ಓಬೆರ್ ಪಟ್ಟು ಬಿಡಲಿಲ್ಲ. ಫ್ರೆಂಚ್ ಅಕಾಡೆಮಿಯ ನಿಯಮ ತಮ್ಮ ಬೆನ್ನಿಗಿದೆ ಎಂದರು. ಅವರ ಒಂದು ತಿಂಗಳ ಭತ್ಯೆಯ ಕಾಲುಭಾಗ, 1,378 ಯೂರೊ, ಕಡಿತವಾಯಿತು. ದಂಡ ಹೆಚ್ಚಾಯಿತೆಂದು ಆಗ ಹಲವರು ಗೊಣಗಿದರು. ನನಗೆ ಹಾಗನ್ನಿಸುವುದಿಲ್ಲ. ಪೀಠದಲ್ಲಿ ಕೂತವಳನ್ನು ಅವಳ ಹೆಸರಿನಲ್ಲಿ ಕರೆಯಲೊಪ್ಪದವನು ಆ ಪೀಠದ ಮೇಲೆ ಅವಳಿಗಿರುವ ಹಕ್ಕನ್ನೇ ಅರ್ಧ ನಿರಾಕರಿಸಿರುತ್ತಾನೆ.

ಇಡೀ ಜಗಳವನ್ನು ವ್ಯಾಕರಣದ ಜಗಳವೆಂದೇ ಬಿಂಬಿಸಲಾಗಿದೆ. ಆದರೆ ವ್ಯಾಕರಣದಲ್ಲಿ ಇಲ್ಲಿ ತೊಡಕೇ ಇಲ್ಲ. ಕೆಲಸ ಮಾಡುವವರನ್ನು ಸೂಚಿಸುವ ಫ್ರೆಂಚ್ ಪದಗಳಲ್ಲಿ '-ತೋರ್' ಎಂದು ಮುಗಿಯುವ ಬಹುಪಾಲು ಪದಗಳು ಸ್ತ್ರೀಲಿಂಗದಲ್ಲಿ '-ತ್ರೀಸ್' ಆಗುತ್ತವೆ. ಆಕ್ತೋರ್ ನಟ, ಆಕ್ತ್ರೀಸ್ ನಟಿ. ಲೆಕ್ತೋರ್ ಓದುಗ, ಲೆಕ್ತ್ರೀಸ್ ಓದುಗಾರ್ತಿ. ಇನ್ನೊಂದು ಗುಂಪು '-ಓಝ್' ಎಂದಾಗುತ್ತದೆ: ಹಾಡುಗಾರ ಶಾಂತೋರ್, ಹಾಡುಗಾರ್ತಿ ಶಾಂತೋಝ್. ಅಂಗಡಿಯಲ್ಲಿ ಮಾರುವವಳಿಗೆ, ಕೂದಲು ಕತ್ತರಿಸುವವಳಿಗೆ ಈ ಪ್ರತ್ಯಯ ಹಚ್ಚುವಾಗ ಯಾವ ಪಂಡಿತರ ಕಿವಿಗೂ ನೋವಾಗಲಿಲ್ಲ. ಪ್ರಾಥಮಿಕ ಶಾಲೆಯ ಶಿಕ್ಷಕಿ ತಲೆಮಾರುಗಳಿಂದ ಆಂಸ್ತಿತ್ಯುತ್ರೀಸ್ ಆಗಿದ್ದಳು. 1990ರಲ್ಲಿ ಆ ಹುದ್ದೆಯ ದರ್ಜೆ ಏರಿಸಿ 'ಪ್ರೊಫೆಸೋರ್' ಎಂಬ ಹೆಸರು ಕೊಟ್ಟರು. ದರ್ಜೆ ಏರಿತು, ಸ್ತ್ರೀ ಪ್ರತ್ಯಯ ಬಿದ್ದುಹೋಯಿತು! ಅಂದರೆ ಅಡ್ಡಿಯಾಗಿರುವುದು ನಾಲಗೆಯಲ್ಲ, ಕುರ್ಚಿಯ ಎತ್ತರ.

ಬರೆಯುವವಳ ಹೆಸರಿಗೂ ಇದೇ ಗತಿ. ಬರೆಯುವವನು 'ಓತೋರ್'. ಆಕ್ತ್ರೀಸ್, ಲೆಕ್ತ್ರೀಸ್ ಎನ್ನುವ ಭಾಷೆ ಬರೆಯುವವಳನ್ನು 'ಓತ್ರೀಸ್' ಎನ್ನಬೇಕು. ಓದುವವಳಿಗೆ ಹೆಸರಿದೆ, ಬರೆಯುವವಳಿಗೆ ಏಕಿಲ್ಲ?

ಕನ್ನಡ ಓದುಗರಿಗೆ ಈ ಪ್ರತ್ಯಯ ಅಪರಿಚಿತವಲ್ಲ. ಲ್ಯಾಟಿನ್ನಿನ '-ತೋರ್', '-ತ್ರಿಕ್ಸ್' ಜೋಡಿಯೂ ಸಂಸ್ಕೃತದ 'ತೃ', 'ತ್ರೀ' ಜೋಡಿಯೂ ಒಂದೇ ಮೂಲದಿಂದ ಬಂದವು. ನಾವು ಕವಯಿತ್ರಿ, ಅಭಿನೇತ್ರಿ ಎನ್ನುವಾಗ ನಮ್ಮ ಬಾಯಲ್ಲಿ ಹೊರಳುವ 'ತ್ರಿ'ಯೇ ಓತ್ರೀಸ್‌ನಲ್ಲೂ ಇರುವುದು. ಅಂಥ ಪ್ರಾಚೀನ ಪ್ರತ್ಯಯವನ್ನು ಇಂದಿನ ಹೋರಾಟಗಾರ್ತಿಯರ ಹೊಸ ಹುಚ್ಚು ಎಂದವರಿದ್ದಾರೆ. ಅವರ ಪೈಕಿ ಅಜ್ಞಾನಿಗಳನ್ನು ಕ್ಷಮಿಸಬಹುದು. ಆದರೆ 1984ರಲ್ಲಿ, ಮಹಿಳಾ ಹಕ್ಕುಗಳ ಸಚಿವೆ ಇವೆತ್ ರೂದಿ ಅವರು ಲೇಖಕಿ ಬೆನ್ವಾತ್ ಗ್ರೂ ಅಧ್ಯಕ್ಷತೆಯಲ್ಲಿ ಪದವಿನಾಮಗಳ ಸಮಿತಿ ರಚಿಸಿದಾಗ, ಅದನ್ನು ವಿರೋಧಿಸಿ ಅಕಾಡೆಮಿ ಹೊರಡಿಸಿದ ಹೇಳಿಕೆಯನ್ನು ಸಿದ್ಧಪಡಿಸಿದವರು ಜಾರ್ಜ್ ದ್ಯುಮೆಝಿಲ್ ಮತ್ತು ಕ್ಲೋದ್ ಲೆವಿ-ಸ್ತ್ರೋಸ್. ದ್ಯುಮೆಝಿಲ್ ಜೀವಮಾನವಿಡೀ ಸಂಸ್ಕೃತ, ಲ್ಯಾಟಿನ್ ಪರಂಪರೆಗಳನ್ನು ಅಕ್ಕಪಕ್ಕ ಇಟ್ಟು ಓದಿದ ವಿದ್ವಾಂಸರು. ಪುಲ್ಲಿಂಗವು ಎರಡನ್ನೂ ಒಳಗೊಳ್ಳುವ ಲಿಂಗ, ಅದೇ ಸಾಕು ಎಂಬುದು ಆ ಹೇಳಿಕೆಯ ತಿರುಳು. ಗುಂಪನ್ನು ಕುರಿತು ಹೇಳುವಾಗ ಆ ವಾದಕ್ಕೆ ಒಂದಿಷ್ಟು ಜಾಗವಿದೆ. ಎದುರಿಗೆ ಕೂತ ಒಬ್ಬಳೇ ಹೆಂಗಸನ್ನು ಕರೆಯಲು ಅದು ಯಾವ ನೆಪವೂ ಆಗದು.

ಈ ಪದ ಹೊಸದೂ ಅಲ್ಲ. ಹದಿನಾರು, ಹದಿನೇಳನೇ ಶತಮಾನಗಳಲ್ಲಿ ಬಳಕೆಯಲ್ಲಿದ್ದದ್ದನ್ನು ಸಂಶೋಧಕಿ ಓರೋರ್ ಎವೆಂ ದಾಖಲೆಗಳೊಂದಿಗೆ ತೋರಿಸಿದ್ದಾರೆ. 1689ರಲ್ಲಿ ವೈಯಾಕರಣ ಆಂದ್ರಿ ದ ಬ್ವಾರೆಗಾರ್ ಹೆಂಗಸನ್ನು 'ಓತೋರ್' ಎನ್ನಬೇಕು, 'ಓತ್ರೀಸ್' ಅನ್ನಬಾರದು ಎಂದು ಕಟ್ಟಪ್ಪಣೆ ಮಾಡಿದ. ಇಲ್ಲದ ಪದವನ್ನು ಯಾರೂ ನಿಷೇಧಿಸುವುದಿಲ್ಲ. ಇಂಥ ವೈಯಾಕರಣರಿಗೆ ಯಾವ ತರ್ಕವಿತ್ತು ಎಂದರೆ, 1767ರಲ್ಲಿ ನಿಕೊಲಾ ಬೊಝೆ ಮುಚ್ಚುಮರೆಯಿಲ್ಲದೆ ಬರೆದಿಟ್ಟ: ಗಂಡು ಹೆಣ್ಣಿಗಿಂತ ಮೇಲು, ಆದ್ದರಿಂದ ಪುಲ್ಲಿಂಗವೂ ಮೇಲು. ಮುಂದೆ ಶಾಲಾ ಮಕ್ಕಳು ಬಾಯಿಪಾಠ ಮಾಡಿದ 'ಪುಲ್ಲಿಂಗವೇ ಗೆಲ್ಲುತ್ತದೆ' ಎಂಬ ನಿಯಮದ ಹಿಂದೆ ಇದೇ ತೀರ್ಪಿದೆ. 1635ರಲ್ಲಿ ಸ್ಥಾಪನೆಯಾದ ಅಕಾಡೆಮಿ ತನ್ನ ನಲವತ್ತು ಪೀಠಗಳಲ್ಲಿ ಒಂದಕ್ಕೆ ಮೊದಲ ಹೆಣ್ಣನ್ನು, ಮಾರ್ಗರಿತ್ ಯೂರ್ಸೆನಾರ್ ಅವರನ್ನು, ಆರಿಸಿದ್ದು 1980ರಲ್ಲಿ.

'ರಾಯಭಾರಿಣಿ' ಎಂದರೆ ರಾಯಭಾರಿಯ ಹೆಂಡತಿ ಎಂದಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಹೆಂಡತಿಯರೇ ರಾಯಭಾರಿಗಳಾಗಿ ಬಹುಕಾಲವಾಗಿದೆ. ಆ ಅರ್ಥ ತಾನಾಗಿಯೇ ಉದುರಿತು.

ನನಗೆ ಹೆಚ್ಚು ಮುಖ್ಯವೆನಿಸುವುದು ಕಿವಿಯ ಪ್ರಶ್ನೆ. ಕ್ವಿಬೆಕ್‌ನಲ್ಲಿ 1979ರಲ್ಲೇ ಪದವಿನಾಮಗಳಿಗೆ ಸ್ತ್ರೀರೂಪ ಕೊಡಬೇಕೆಂಬ ಅಧಿಕೃತ ಶಿಫಾರಸು ಬಂತು. ಫ್ರಾನ್ಸಿಗಿಂತ ಎಷ್ಟೋ ಮುಂಚೆ ತೋರಿದ ಆ ಧೈರ್ಯವನ್ನು ಗೌರವಿಸಲೇಬೇಕು. ಆದರೆ ಅಲ್ಲಿ ನೆಲೆನಿಂತ ರೂಪದಲ್ಲಿ 'ಓತೋರ್' ಪದದ ಕೊನೆಗೆ ಒಂದು 'ಎ' ಸೇರುತ್ತದೆ, ಅಷ್ಟೆ. ಆ ಅಕ್ಷರ ಮೂಕ. ಕಾಗದದ ಮೇಲೆ ಒಂದು ಹೆಚ್ಚಿನ ಉಚ್ಚಾರಾಂಶದಂತೆ ಕಂಡರೂ ಬಾಯಲ್ಲಿ ಎರಡೇ: ಓ-ತೋರ್. ಮಾರ್ಸೆಯ ಕಡೆಯ ದಕ್ಷಿಣದವರು ಆ ಕೊನೆಯ ಸ್ವರವನ್ನು ಸ್ವಲ್ಪ ಎಳೆದಾರು. ಪ್ಯಾರಿಸ್ಸಿನಲ್ಲಿ, ರೇಡಿಯೊದಲ್ಲಿ, ಅದು ಇಲ್ಲವೇ ಇಲ್ಲ. 'ಓ-ತ್ರೀಸ್' ಕೂಡ ಎರಡೇ ಉಚ್ಚಾರಾಂಶ, ಆದರೆ ಎರಡನೆಯದು ಗಟ್ಟಿಯಾಗಿ ಕೇಳುತ್ತದೆ. ಫ್ರೆಂಚ್ ಪದವನ್ನು ಒಡೆಯುವಾಗ ತಕಾರ ರೇಫಗಳು ಅಗಲದೆ ಒಟ್ಟಾಗಿ ಮುಂದಿನ ಸ್ವರಕ್ಕೇ ಸೇರುತ್ತವೆ, ನಮ್ಮ ಲಿಪಿಯಲ್ಲಿ ಒತ್ತಕ್ಷರವಾಗಿ 'ತ್ರಿ' ನಿಲ್ಲುವಂತೆ. ಕೇಳಿಸದ ಹೆಸರು ಅರ್ಧ ಹೆಸರು. ಮಧ್ಯದಾರಿಯೆಂದು ಮೂಕ ಅಕ್ಷರಕ್ಕೆ ಒಪ್ಪಿಕೊಂಡವರು ಎದುರಾಳಿಗೆ ಬೇಕಾದ್ದನ್ನೇ ಕೊಟ್ಟಂತಾಯಿತು.

ಇದೇ ಕಾರಣಕ್ಕೆ ಪದದ ನಡುವೆ ಚುಕ್ಕೆ ಇಡುವ ಬರವಣಿಗೆಯನ್ನೂ ನಾನು ಒಪ್ಪಲಾರೆ. 'ಓತೋರ್' ಬರೆದು, ಚುಕ್ಕೆ ಇಟ್ಟು, 'ರೀಸ್' ಎಂದು ಸೇರಿಸುವ ಪದ್ಧತಿ ಅದು. ಎರಡೂ ಲಿಂಗಗಳನ್ನು ಒಟ್ಟಿಗೆ ಹೇಳುವ ಉದ್ದೇಶ ನ್ಯಾಯವಾದದ್ದೇ. ಆದರೆ ಆ ಚುಕ್ಕೆ '-ತ್ರೀಸ್' ಅನ್ನು ಮಧ್ಯದಲ್ಲೇ ಕಡಿದು, ಯಾವ ಬಾಯೂ ಆಡದ 'ರೀಸ್' ಎಂಬ ತುಂಡನ್ನು ಉಳಿಸುತ್ತದೆ. ಗಟ್ಟಿಯಾಗಿ ಓದುವವರು ಕೊನೆಗೆ ಎರಡೂ ಪದಗಳನ್ನು ಪೂರ್ತಿ ಹೇಳಲೇಬೇಕು. ಹಾಗಿದ್ದರೆ ಬರೆಯುವಾಗಲೂ ಪೂರ್ತಿಯೇ ಬರೆಯೋಣ. ಜನರಲ್ ದ ಗಾಲ್ ತಮ್ಮ ಭಾಷಣಗಳಲ್ಲಿ 'ಫ್ರಾನ್ಸೇಝ್, ಫ್ರಾನ್ಸೆ' ಎಂದು ಹೆಂಗಸರನ್ನೂ ಗಂಡಸರನ್ನೂ ಬೇರೆಬೇರೆಯಾಗಿ ಕರೆಯುತ್ತಿದ್ದರು. ಅದರಿಂದ ಭಾಷೆಗೆ ಏನೂ ಆಗಲಿಲ್ಲ.

ಚುಕ್ಕೆಯನ್ನು ವಿರೋಧಿಸುವ ರಾಜಕಾರಣಿಗಳ ಸಾಲಿನಲ್ಲಿ ಮಾತ್ರ ನನ್ನನ್ನು ನಿಲ್ಲಿಸಬೇಡಿ. 2017ರ ಅಕ್ಟೋಬರ್ 26ರಂದು ಅಕಾಡೆಮಿ, ಈ ಬರವಣಿಗೆಯಿಂದ ಫ್ರೆಂಚ್ ಭಾಷೆಯೇ ಮರಣಾಂತಿಕ ಅಪಾಯದಲ್ಲಿದೆ ಎಂದು ಘೋಷಿಸಿತು. ಕೋಟ್ಯಂತರ ಜನ ಆಡುವ ಭಾಷೆ ಒಂದು ಚುಕ್ಕೆಯಿಂದ ಸಾಯುತ್ತದೆಯೇ? ಮುಂದಿನ ತಿಂಗಳು ಪ್ರಧಾನಿ ಎದುವಾರ್ ಫಿಲಿಪ್ ಸರ್ಕಾರಿ ಆದೇಶಗಳಲ್ಲಿ ಚುಕ್ಕೆ ಬೇಡವೆಂದು ಸುತ್ತೋಲೆ ಹೊರಡಿಸಿದರು. ಆದರೆ ಹೆಂಗಸಿನ ಪದವಿಯನ್ನು ಸ್ತ್ರೀಲಿಂಗದಲ್ಲೇ ಬರೆಯಬೇಕು ಎಂದೂ ಅದರಲ್ಲೇ ಹೇಳಿದರು. ಆ ಎರಡನೇ ಮಾತು ಗದ್ದಲದಲ್ಲಿ ಕಳೆದುಹೋಯಿತು. 2023ರ ಅಕ್ಟೋಬರ್ 30ರಂದು ಸೆನೆಟ್ ಇಂಥ ಬರವಣಿಗೆಯನ್ನು ನಿಷೇಧಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದೇ ದಿನ ವಿಲೇರ್-ಕೊತ್ರೆಯಲ್ಲಿ ಅಧ್ಯಕ್ಷ ಮ್ಯಾಕ್ರಾನ್, ಪುಲ್ಲಿಂಗವೇ ತಟಸ್ಥಲಿಂಗದ ಕೆಲಸ ಮಾಡುತ್ತದೆ ಎಂದು ಭಾಷಣ ಮಾಡಿದರು. ಚುಕ್ಕೆಯ ಮೇಲಿನ ಸಿಟ್ಟನ್ನು ಮುಂದಿಟ್ಟುಕೊಂಡು ಪ್ರತ್ಯಯವನ್ನೂ ಹೊರಹಾಕುವ ಹವಣಿಕೆ ಇದು.

ಇಂಗ್ಲಿಷಿನಲ್ಲಿ ನಟಿಯರೇ 'ಆ್ಯಕ್ಟರ್' ಎನಿಸಿಕೊಳ್ಳಲು ಬಯಸುತ್ತಾರಲ್ಲ ಎಂದು ನಮ್ಮಲ್ಲಿ ಕೇಳುವವರಿದ್ದಾರೆ. ಇಂಗ್ಲಿಷಿನ ನಾಮಪದಕ್ಕೆ ಲಿಂಗದ ಹಂಗಿಲ್ಲ. ಫ್ರೆಂಚಿನಲ್ಲಿ ಮೇಜಿಗೂ ಕುರ್ಚಿಗೂ ಲಿಂಗವಿದೆ. ಗುಣವಾಚಕ, ಕೃದಂತಗಳೆಲ್ಲ ಅದನ್ನೇ ಹಿಂಬಾಲಿಸುತ್ತವೆ. ಅಲ್ಲಿ ಪ್ರತ್ಯಯ ತೆಗೆದರೆ ಸಮಾನತೆ ಬರದು, ಹೆಂಗಸು ಪುಲ್ಲಿಂಗವಾಗುತ್ತಾಳೆ, ಅಷ್ಟೆ. 'ಲೇಖಕಿ' ಎಂಬ ಪದ ಬೇರೆ ಪಂಕ್ತಿ ಹಾಕುತ್ತದೆ ಎಂಬ ಅಸಮಾಧಾನ ಕನ್ನಡದಲ್ಲೂ ಇದೆ, ಅದರಲ್ಲಿ ಹುರುಳೂ ಇದೆ. ಆದರೂ ಕರ್ನಾಟಕ ಲೇಖಕಿಯರ ಸಂಘ ಆ ಹೆಸರನ್ನು ತಲೆಯೆತ್ತಿಯೇ ಇಟ್ಟುಕೊಂಡಿದೆ.

ಕೊನೆಗೂ 2019ರ ಫೆಬ್ರವರಿ 28ರಂದು ಅಕಾಡೆಮಿ ಪದವಿನಾಮಗಳ ಸ್ತ್ರೀರೂಪಕ್ಕೆ ತಾತ್ವಿಕ ಅಡ್ಡಿಯಿಲ್ಲ ಎಂದು ಒಪ್ಪಿತು. 'ಓತ್ರೀಸ್' ರಚನೆಯಲ್ಲಿ ಹೆಚ್ಚು ಸಮರ್ಪಕ ಎಂದೂ ಆ ವರದಿ ಹೇಳಿದೆ, ಆದರೆ ಪುಲ್ಲಿಂಗ ಉಳಿಸಿಕೊಳ್ಳಲು ಒಂದು ಬಾಗಿಲು ತೆರೆದೇ ಇಟ್ಟಿದೆ. ಆ ಬಾಗಿಲನ್ನು ಮುಚ್ಚಬೇಕು. ನಮ್ಮ ಕಾಲೇಜುಗಳಲ್ಲಿ ಫ್ರೆಂಚ್ ಕಲಿಸುವ ಮೇಷ್ಟ್ರುಗಳಿಗೂ ಮೇಡಂಗಳಿಗೂ ನನ್ನದೊಂದು ಮನವಿ: ಆಕ್ತ್ರೀಸ್, ಲೆಕ್ತ್ರೀಸ್, ದಿರೆಕ್ತ್ರೀಸ್ ಬರೆಸುವ ಪಟ್ಟಿಯಲ್ಲಿ ಯಾವ ಅಡಿಟಿಪ್ಪಣಿಯೂ ಇಲ್ಲದೆ ಓತ್ರೀಸ್ ಬರೆಸಿ, ಗಟ್ಟಿಯಾಗಿ ಓದಿಸಿ.